ಹೇಳಬಾರದ ಹೆಸರಿನ ಅನುವಾದ

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂಬ ಕಟ್ಟುಪಾಡು ನಮ್ಮ ಹಳ್ಳಿಗಳಲ್ಲಿ ತೀರ ಇತ್ತೀಚಿನವರೆಗೂ ಇತ್ತು. ಹಿರಿಯ ಹೆಂಗಸರಲ್ಲಿ ಇಂದಿಗೂ ಉಂಟು. ‘ಅವರು’, ‘ಮನೆಯವರು’, ‘ಯಜಮಾನರು’ ಎಂದೋ, ಮಗನ ಹೆಸರು ಹಿಡಿದು ‘ಇಂಥವನ ಅಪ್ಪ’ ಎಂದೋ ಹೇಳಿ ಮುಗಿಸುತ್ತಾರೆ. ಮನೆಗೆ ಬಂದ ಗುಮಾಸ್ತ ಯಜಮಾನರ ಹೆಸರೇನೆಂದು ಕೇಳಿದರೆ ಪಕ್ಕದ ಮನೆಯ ಹುಡುಗನನ್ನು ಕರೆದು ಹೇಳಿಸುವವರೂ ಇದ್ದರು. ಉತ್ತರ ಕರ್ನಾಟಕದಲ್ಲಿ ಮದುವೆ ಮುಂಜಿಗಳಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಒಡಪಿನೊಳಗೆ ಹುದುಗಿಸಿ ಹೇಳುವ ಸಂಪ್ರದಾಯವಿದೆಯಷ್ಟೆ. ನೇರವಾಗಿ ಹೇಳಲಾರದ ಹೆಸರಿಗೆ ಸಮಾಜವೇ ತೆರೆದಿಟ್ಟ ಸಣ್ಣ ಕಿಂಡಿ ಅದು. ಹೆಸರು ಎಲ್ಲರಿಗೂ ಗೊತ್ತು, ಬರೆಯಲೂ ಅಡ್ಡಿಯಿಲ್ಲ. ನಾಲಗೆ ಮಾತ್ರ ತಡೆಯುತ್ತದೆ.

ಇಂಥದೇ ತಡೆ ಒಂದು ಜನಾಂಗದ ದೇವರ ಹೆಸರಿಗೆ ಬಿದ್ದರೆ, ಆಮೇಲೆ ಆ ಜನಾಂಗದ ಗ್ರಂಥವನ್ನು ಜಗತ್ತಿನ ಭಾಷೆಗಳಿಗೆಲ್ಲ ತರ್ಜುಮೆ ಮಾಡಬೇಕಾಗಿ ಬಂದರೆ ಏನಾದೀತು? ಬೈಬಲ್ಲಿನ ಅನುವಾದಕರನ್ನು ಎರಡು ಸಾವಿರ ವರ್ಷಗಳಿಂದ ಕಾಡುತ್ತಿರುವುದು ಈ ಪ್ರಶ್ನೆ. ಅನುವಾದದ ನಿಷ್ಠೆಯ ಮಾತು ಬಂದಾಗ ಸಾಮಾನ್ಯವಾಗಿ ನಾವು ಕಠಿಣ ಪದಗಳ ಅರ್ಥ, ನುಡಿಗಟ್ಟುಗಳ ಸೊಗಸು ಇವುಗಳನ್ನು ಕುರಿತು ಯೋಚಿಸುತ್ತೇವೆ. ಹೆಸರನ್ನು ಅನುವಾದಿಸುವುದೇ ಇಲ್ಲವಲ್ಲ, ಇದ್ದಂತೆ ಬರೆದರಾಯಿತು ಎಂದುಕೊಳ್ಳುತ್ತೇವೆ. ಆದರೆ ಬೈಬಲ್ಲಿನಲ್ಲಿ ಅತ್ಯಂತ ಹೆಚ್ಚು ಜಗಳಕ್ಕೆ ಕಾರಣವಾದ ಪದಗಳಲ್ಲೊಂದು ಒಂದು ಹೆಸರೇ.

ಕ್ರೈಸ್ತರು ಹಳೆಯ ಒಡಂಬಡಿಕೆ ಎಂದು ಕರೆಯುವ ಭಾಗ ಮೂಲತಃ ಯೆಹೂದ್ಯರ ಧರ್ಮಗ್ರಂಥ. ಅದರ ಬಹುಭಾಗ ಹೀಬ್ರೂ ಭಾಷೆಯಲ್ಲಿದೆ. ಅದರಲ್ಲಿ ದೇವರನ್ನು ಸೂಚಿಸುವ ಪದಗಳು ಹಲವು. ‘ಎಲೋಹೀಮ್’ ಎಂದರೆ ದೇವರು. ಅದು ಜಾತಿವಾಚಕ, ಅನ್ಯರ ದೇವತೆಗಳಿಗೂ ಸಲ್ಲುತ್ತದೆ. ‘ಅದೋನಾಯ್’ ಎಂದರೆ ಒಡೆಯ, ಸ್ವಾಮಿ. ಅದು ಪದವಿಯನ್ನು ಹೇಳುವ ಮಾತು. ಇವೆರಡಕ್ಕಿಂತ ಬೇರೆಯಾಗಿ ನಾಲ್ಕು ಅಕ್ಷರಗಳ ಒಂದು ಅಂಕಿತನಾಮವಿದೆ. ಯೋದ್, ಹೇ, ವಾವ್, ಹೇ ಎಂಬ ನಾಲ್ಕು ವ್ಯಂಜನಗಳು, ಬಲದಿಂದ ಎಡಕ್ಕೆ. ಇದು ಹೀಬ್ರೂ ಗ್ರಂಥದಲ್ಲಿ ಸುಮಾರು 6,800 ಸಲ ಬರುತ್ತದೆ. ಬೇರಾವ ವ್ಯಕ್ತಿಯ ಹೆಸರೂ ಇಷ್ಟು ಸಲ ಬರುವುದಿಲ್ಲ. ಬೈಬಲ್ಲಿನ ಹೊರಗೂ ಇದಕ್ಕೆ ಸಾಕ್ಷಿಯಿದೆ. 1868ರಲ್ಲಿ ಇಂದಿನ ಜೋರ್ಡಾನಿನ ಧೀಬಾನ್ ಎಂಬಲ್ಲಿ ಸಿಕ್ಕ, ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಮೋವಾಬದ ದೊರೆ ಮೇಷನ ಶಾಸನದಲ್ಲಿ ಈ ನಾಲ್ಕು ಅಕ್ಷರಗಳನ್ನು ಓದಬಹುದು. ಅದರ ಕಾಲ ಕ್ರಿ.ಪೂ. 9ನೆಯ ಶತಮಾನ. ಇಸ್ರಾಯೇಲರ ದೇವರ ಪಾತ್ರೆಗಳನ್ನು ಕಿತ್ತು ತಂದು ತನ್ನ ದೇವರ ಮುಂದಿಟ್ಟೆನೆಂದು ಮೇಷ ಅದರಲ್ಲಿ ಜಂಬ ಕೊಚ್ಚಿಕೊಂಡಿದ್ದಾನೆ. ದೇವರ ಹೆಸರನ್ನು ಕಲ್ಲಿನಲ್ಲಿ ಉಳಿಸಿಕೊಟ್ಟವನು ಶತ್ರು!

ಈ ಹೆಸರಿನ ಅರ್ಥವನ್ನು ಬೈಬಲ್ಲೇ ಒಂದು ಕಡೆ ಸೂಚಿಸುತ್ತದೆ. ವಿಮೋಚನಕಾಂಡದ ಮೂರನೆಯ ಅಧ್ಯಾಯದಲ್ಲಿ, ಉರಿಯುತ್ತಿದ್ದರೂ ಸುಟ್ಟುಹೋಗದ ಪೊದೆಯ ಮುಂದೆ ನಿಂತ ಮೋಶೆ, ನಿನ್ನ ಹೆಸರೇನೆಂದು ಜನ ಕೇಳಿದರೆ ಏನು ಹೇಳಲಿ ಎಂದು ವಿಚಾರಿಸುತ್ತಾನೆ. ಬಂದ ಉತ್ತರ ‘ಇರು’ ಎಂಬ ಅರ್ಥದ ‘ಹಾಯಾ’ ಎಂಬ ಧಾತುವಿನ ಮೇಲೆ ಆಡಿದ ಮಾತು. ‘ಎಹ್ಯೆ’ ಎಂಬ ಆ ಕ್ರಿಯಾರೂಪ ವರ್ತಮಾನವೂ ಹೌದು, ಭವಿಷ್ಯತ್ತೂ ಹೌದು. ಇಂಗ್ಲಿಷಿನವರು ‘ಇದ್ದೇನೆ’ ಎನ್ನಬೇಕೋ ‘ಇರುತ್ತೇನೆ’ ಎನ್ನಬೇಕೋ ಎಂದು ಒಂದನ್ನು ಆರಿಸಿ, ಇನ್ನೊಂದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ನಮ್ಮ ‘ಇರುವೆನು’ ಎಂಬ ರೂಪ ಈ ಮಟ್ಟಿಗೆ ಹೀಬ್ರೂವಿಗೆ ಹತ್ತಿರ. ಈಗ, ಮುಂದೆ ಎಂಬ ಎರಡನ್ನೂ ಒಳಗೊಳ್ಳುತ್ತದೆ. ಅಲೆಕ್ಸಾಂಡ್ರಿಯದ ಗ್ರೀಕ್ ಅನುವಾದಕರು ಕ್ರಿಯಾಪದವನ್ನು ಕೃದಂತ ಮಾಡಿ, ಇರವೇ ಸ್ವರೂಪವಾದವನು ಎಂಬಂತೆ ಬರೆದುಬಿಟ್ಟರು. ಜೊತೆಗಿರುತ್ತೇನೆಂದು ದಾಸ್ಯದಲ್ಲಿದ್ದ ಜನರಿಗೆ ಕೊಟ್ಟ ಭರವಸೆಯಂತೆ ಕೇಳಿಸುತ್ತಿದ್ದ ಮಾತು ಹಾಗೆ ತತ್ವಶಾಸ್ತ್ರದ ಸೂತ್ರವಾಯಿತು.

ಇನ್ನು ಉಚ್ಚಾರದ ಮಾತು. ಪ್ರಾಚೀನ ಹೀಬ್ರೂ ಬರವಣಿಗೆಯಲ್ಲಿ ಬಹುಮಟ್ಟಿಗೆ ವ್ಯಂಜನಗಳಷ್ಟೇ ಇರುತ್ತಿದ್ದವು. ಸ್ವರಗಳನ್ನು ಓದುವವನು ತುಂಬಿಕೊಳ್ಳಬೇಕು. ಕಾಗುಣಿತವನ್ನು ಉಸಿರಿನಂತೆ ಕಲಿತ ಕನ್ನಡಿಗರಿಗೆ ಇದು ವಿಚಿತ್ರವಾಗಿ ಕಾಣಬಹುದು. ಕ, ರ, ಮ ಎಂಬ ಮೂರು ವ್ಯಂಜನಗಳನ್ನು ಮಾತ್ರ ಬರೆದಿಟ್ಟರೆ ಕರ್ಮ, ಕ್ರಮ, ಕೂರ್ಮ, ಕ್ರಿಮಿ ಇವುಗಳಲ್ಲಿ ಯಾವುದೆಂದು ಸಂದರ್ಭ ನೋಡಿ ತಿಳಿಯಬೇಕು. ಭಾಷೆ ಆಡುಮಾತಾಗಿರುವವರೆಗೆ ತೊಂದರೆಯಿಲ್ಲ. ಮಗು ತಂದೆಯ ಬಾಯಿಂದ ಕೇಳಿ ಕಲಿಯುತ್ತದೆ. ಆದರೆ ಒಂದು ಪದವನ್ನು ಯಾರೂ ಬಾಯಿಬಿಟ್ಟು ಹೇಳದೆ ಹೋದರೆ ಅದರ ಸ್ವರಗಳು ಆ ತಲೆಮಾರಿನೊಂದಿಗೆ ಮಣ್ಣಾಗುತ್ತವೆ.

ಆದದ್ದು ಹಾಗೆಯೇ. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬ ಆಜ್ಞೆ ದಶಾಜ್ಞೆಗಳಲ್ಲಿದೆ. ವ್ಯರ್ಥವಾಗಿ ಎತ್ತಬಾರದೆಂಬುದು ಕಾಲಕ್ರಮದಲ್ಲಿ ಎತ್ತಲೇಬಾರದು ಎಂಬಲ್ಲಿಗೆ ಮುಟ್ಟಿತು. ಬೇಲಿಗೊಂದು ಬೇಲಿ ಹಾಕುವುದು ಎಲ್ಲ ಧರ್ಮದ ಶ್ರದ್ಧಾವಂತರ ಸ್ವಭಾವ. ಯೆರೂಸಲೇಮಿನ ದೇವಾಲಯದಲ್ಲಿ ವರ್ಷಕ್ಕೊಮ್ಮೆ, ದೋಷಪರಿಹಾರದ ದಿನ, ಮಹಾಯಾಜಕ ಆ ಹೆಸರನ್ನು ಉಚ್ಚರಿಸುತ್ತಿದ್ದನೆಂದೂ ಅದನ್ನು ಕೇಳಿದ ಜನ ಅಡ್ಡಬೀಳುತ್ತಿದ್ದರೆಂದೂ ಯೆಹೂದ್ಯರ ಮಿಷ್ನಾ ಗ್ರಂಥ ಹೇಳುತ್ತದೆ. ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ಕೆಡವಿದ ಮೇಲೆ ಆ ಸಂದರ್ಭವೂ ಇಲ್ಲವಾಯಿತು. ಗ್ರಂಥವನ್ನು ಗಟ್ಟಿಯಾಗಿ ಓದುವಾಗ ನಾಲ್ಕು ಅಕ್ಷರ ಕಂಡಲ್ಲೆಲ್ಲ ‘ಅದೋನಾಯ್’ ಎಂದು ಓದುವುದೇ ರೂಢಿಯಾಯಿತು. ಬರೆದಿರುವುದು ಒಂದು, ಓದುವುದು ಇನ್ನೊಂದು. ಹೆಸರಿನ ಜಾಗದಲ್ಲಿ ‘ಯಜಮಾನರು’ ಎಂದಂತೆ.

ಅನುವಾದಕನ ಇಕ್ಕಟ್ಟು ಇಲ್ಲಿಂದ ಶುರು. ಅವನು ಬರೆದದ್ದನ್ನು ಅನುವಾದಿಸಬೇಕೋ, ಓದುವುದನ್ನು ಅನುವಾದಿಸಬೇಕೋ?

ಕ್ರಿ.ಪೂ. 3ನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಆರಂಭವಾದ ಗ್ರೀಕ್ ಅನುವಾದವೇ ಈ ಗ್ರಂಥದ ಮೊದಲ ದೊಡ್ಡ ಅನುವಾದ. ‘ಸೆಪ್ಟುವಜಿಂಟ್’ ಎಂದು ಅದರ ಹೆಸರು. ನಮಗೆ ದೊರೆಯುವ ಅದರ ಪೂರ್ಣ ಪ್ರತಿಗಳಲ್ಲಿ ನಾಲ್ಕು ಅಕ್ಷರಗಳ ಜಾಗದಲ್ಲಿ ‘ಕುರಿಯೋಸ್’ ಎಂದಿದೆ, ಅಂದರೆ ಒಡೆಯ. ಆ ಪ್ರತಿಗಳೆಲ್ಲ ಕ್ರೈಸ್ತರು ಬರೆಸಿದವು. ಅದಕ್ಕೂ ಹಿಂದಿನ, ಯೆಹೂದ್ಯರೇ ಬರೆದ ಕೆಲವು ಗ್ರೀಕ್ ತುಣುಕುಗಳು 20ನೆಯ ಶತಮಾನದಲ್ಲಿ ಸಿಕ್ಕಮೇಲೆ ಚಿತ್ರ ಬದಲಾಯಿತು. ಕ್ರಿ.ಪೂ. 1ನೆಯ ಶತಮಾನದ ಒಂದು ಈಜಿಪ್ಟಿನ ಪಪೈರಸ್ಸಿನಲ್ಲಿ ಗ್ರೀಕ್ ಸಾಲುಗಳ ನಡುವೆ ಆ ಹೆಸರನ್ನು ಮಾತ್ರ ಹೀಬ್ರೂ ಅಕ್ಷರಗಳಲ್ಲೇ ಬರೆದಿದ್ದಾರೆ. ಮೃತ ಸಮುದ್ರದ ಬಳಿಯ ಕುಮ್ರಾನ್ ಗವಿಗಳಲ್ಲಿ ದೊರೆತ ಯಾಜಕಕಾಂಡದ ಗ್ರೀಕ್ ತುಣುಕೊಂದರಲ್ಲಿ ‘ಇಯಾಓ’ ಎಂದು ಗ್ರೀಕ್ ಲಿಪಿಯಲ್ಲಿ ಬರೆದಿದೆ. ಅದೇ ಗವಿಗಳ ಕೆಲವು ಹೀಬ್ರೂ ಸುರುಳಿಗಳಲ್ಲಿ ಲಿಪಿಕಾರ ಹೆಸರು ಬಂದಾಗ ಲೇಖನಿಯನ್ನು ತಡೆದು ಅತಿ ಪುರಾತನ ಲಿಪಿಗೆ ತಿರುಗುತ್ತಾನೆ, ಇಲ್ಲವೆ ನಾಲ್ಕು ಚುಕ್ಕೆಗಳನ್ನಿಟ್ಟು ಮುಂದೆ ಹೋಗುತ್ತಾನೆ.

ಹೀಬ್ರೂ ಬಾರದ ಗ್ರೀಕರು ಇಂಥ ಪ್ರತಿಗಳನ್ನು ಹೇಗೆ ಓದಿದರು? ಕ್ರಿ.ಶ. 4ನೆಯ ಶತಮಾನದ ವಿದ್ವಾಂಸ ಸಂತ ಜೆರೋಮ್ ಒಂದು ಸ್ವಾರಸ್ಯ ದಾಖಲಿಸಿದ್ದಾನೆ. ನಾಲ್ಕು ಹೀಬ್ರೂ ಅಕ್ಷರಗಳು ನೋಟಕ್ಕೆ ಗ್ರೀಕಿನ ‘ಪಿ’, ‘ಇ’, ‘ಪಿ’, ‘ಇ’ಗಳನ್ನು ಹೋಲುವುದರಿಂದ ಅಜ್ಞರು ಅದನ್ನು ಎಡದಿಂದ ಬಲಕ್ಕೆ ‘ಪಿಪಿ’ ಎಂದು ಓದುತ್ತಿದ್ದರಂತೆ. ಯಾರೂ ಉಚ್ಚರಿಸಬಾರದೆಂದು ಅಷ್ಟು ಜತನದಿಂದ ಕಾಪಾಡಿದ ಹೆಸರಿಗೆ ಒದಗಿದ ಗತಿ ಇದು.

‘ಯೆಹೋವ’ ಎಂಬ ರೂಪ ಹುಟ್ಟಿದ ಬಗೆ ಇನ್ನೂ ಸೋಜಿಗದ್ದು. ಕ್ರಿ.ಶ. 6ರಿಂದ 10ನೆಯ ಶತಮಾನದ ಅವಧಿಯಲ್ಲಿ ‘ಮಸೋರೆಟರು’ ಎಂಬ ಯೆಹೂದಿ ವಿದ್ವಾಂಸರು ಹೀಬ್ರೂ ವ್ಯಂಜನಗಳ ಮೇಲೆ, ಕೆಳಗೆ ಚುಕ್ಕೆ ಗೆರೆಗಳನ್ನಿಟ್ಟು ಸ್ವರಗಳನ್ನು ಗುರುತಿಸುವ ಪದ್ಧತಿಯನ್ನು ರೂಪಿಸಿದರು. ಪವಿತ್ರ ಗ್ರಂಥದ ಒಂದು ಅಕ್ಷರವನ್ನೂ ಬದಲಿಸುವಂತಿಲ್ಲ. ಆದರೆ ಓದುಗ ಬಾಯಿತಪ್ಪಿ ಹೆಸರನ್ನು ಹೇಳಿಬಿಡಲೂ ಬಾರದು. ಅವರು ಮಾಡಿದ ಉಪಾಯವೆಂದರೆ, ಹೆಸರಿನ ವ್ಯಂಜನಗಳನ್ನು ಹಾಗೇ ಬಿಟ್ಟು ಅವುಗಳಿಗೆ ‘ಅದೋನಾಯ್’ ಪದದ ಸ್ವರಚಿಹ್ನೆಗಳನ್ನು ತೊಡಿಸಿದ್ದು. ಕಣ್ಣಿಗೆ ಹೆಸರು, ನಾಲಗೆಗೆ ಸೂಚನೆ.

ಕನ್ನಡದಲ್ಲಿ ಇದನ್ನು ಹೀಗೆ ತಿಳಿಯಬಹುದು. ಒಬ್ಬಾಕೆಯ ಗಂಡನ ಹೆಸರು ಮೋಹನ. ಅವಳು ಅದನ್ನು ಹೇಳುವುದಿಲ್ಲ, ‘ಒಡೆಯ’ ಎನ್ನುತ್ತಾಳೆ. ಬರೆಯುವಾಗ ಮ, ಹ, ನ ಎಂಬ ವ್ಯಂಜನಗಳಿಗೆ ‘ಒಡೆಯ’ದಲ್ಲಿರುವ ಒ, ಎ, ಅ ಸ್ವರಗಳನ್ನು ಸೇರಿಸುತ್ತಾಳೆ. ಸಿಗುವುದು ‘ಮೊಹೆನ’. ಮನೆಯವರಿಗೆಲ್ಲ ಗುಟ್ಟು ಗೊತ್ತು; ‘ಮೊಹೆನ’ ಎಂದು ಕಂಡರೆ ‘ಒಡೆಯ’ ಎಂದು ಓದಬೇಕು. ಐನೂರು ವರ್ಷದ ಮೇಲೆ ಹೊರಗಿನ ಪಂಡಿತನೊಬ್ಬ ಆ ಕಾಗದವನ್ನು ಓದಿ, ಈಕೆಯ ಗಂಡನ ಹೆಸರು ಮೊಹೆನ ಎಂದು ಪುಸ್ತಕ ಬರೆಯುತ್ತಾನೆ.

ಯೋದ್, ಹೇ, ವಾವ್, ಹೇ ಎಂಬ ವ್ಯಂಜನಗಳಿಗೆ ಅದೋನಾಯ್ ಸ್ವರಗಳನ್ನು ಕೂಡಿಸಿದರೆ, ಮೊದಲನೆಯ ಹ್ರಸ್ವ ‘ಅ’ ಹೀಬ್ರೂ ನಿಯಮದಂತೆ ಯೋದ್ ಅಕ್ಷರದಡಿ ಅರೆ ‘ಎ’ಯಾಗಿ, ‘ಯೆಹೋವಾ’ ಎಂದಾಗುತ್ತದೆ. ಹಲವು ಪ್ರತಿಗಳಲ್ಲಿ ನಡುವಿನ ‘ಓ’ ಚಿಹ್ನೆಯನ್ನೂ ಬಿಟ್ಟಿರುವುದುಂಟು. ಇವು ಹೆಸರಿನ ಸ್ವಂತ ಸ್ವರಗಳಲ್ಲವೆಂಬುದಕ್ಕೆ ಗ್ರಂಥದಲ್ಲೇ ಪುರಾವೆಯಿದೆ. ಕೆಲವು ಕಡೆ ಮೂಲದಲ್ಲಿ ‘ಅದೋನಾಯ್’ ಎಂಬ ಪದವೂ ಈ ಹೆಸರೂ ಅಕ್ಕಪಕ್ಕ ಬರುತ್ತವೆ. ಅಲ್ಲಿ ‘ಅದೋನಾಯ್ ಅದೋನಾಯ್’ ಎಂದು ಎರಡು ಸಲ ಓದುವುದು ಚೆನ್ನಲ್ಲವೆಂದು ಹೆಸರಿಗೆ ‘ಎಲೋಹೀಮ್’ ಪದದ ಸ್ವರಗಳನ್ನು ಹಾಕಿದ್ದಾರೆ. ಸ್ವರಗಳು ಹೆಸರಿಗೇ ಸೇರಿದವಾಗಿದ್ದರೆ ಪಕ್ಕದ ಪದವನ್ನು ನೋಡಿ ಬದಲಾಗುವ ಕಾರಣವಿರಲಿಲ್ಲ.

ಮಧ್ಯಯುಗದ ಯೂರೋಪಿನ ಕ್ರೈಸ್ತ ಪಂಡಿತರು ಹೀಬ್ರೂ ಕಲಿತು ಈ ಪ್ರತಿಗಳನ್ನು ಓದಿದಾಗ ಕಂಡದ್ದನ್ನು ಕಂಡಂತೆ ಉಚ್ಚರಿಸಿದರು. 13ನೆಯ ಶತಮಾನದ ಸ್ಪೇನಿನ ಸನ್ಯಾಸಿ ರೇಮಂಡ್ ಮಾರ್ಟಿನಿಯ ಬರಹದಲ್ಲೇ ಇದಕ್ಕೆ ಹತ್ತಿರದ ರೂಪವಿದೆ. 1518ರಲ್ಲಿ ಪ್ರಕಟವಾದ ಗಲಾಟಿನಸ್‌ನ ಗ್ರಂಥದಿಂದ ಅದು ಹೆಚ್ಚು ಬಳಕೆಗೆ ಬಂತು. ಇಂಗ್ಲಿಷಿಗೆ ತಂದವನು ವಿಲಿಯಂ ಟಿಂಡೇಲ್, 1530ರಲ್ಲಿ. ಆಗ ಪದದ ಮೊದಲಕ್ಷರ ‘ಯ’ಕಾರವೇ ಆಗಿತ್ತು, ಇಂಗ್ಲಿಷಿನ ಉಚ್ಚಾರ ‘ಜ’ಕಾರಕ್ಕೆ ಹೊರಳಿದ ಮೇಲೆ ‘ಜೆಹೋವ’ ಎಂದಾಯಿತು. ಆ ಲೆಕ್ಕದಲ್ಲಿ ಕನ್ನಡದ ‘ಯೆಹೋವ’ ಇಂಗ್ಲಿಷಿಗಿಂತ ಒಂದು ಹೆಜ್ಜೆ ಮೂಲಕ್ಕೆ ಹತ್ತಿರ ಎನ್ನಬೇಕು.

ಹಾಗಾದರೆ ನಿಜವಾದ ಉಚ್ಚಾರ ಯಾವುದಿತ್ತು? 19ನೆಯ ಶತಮಾನದಿಂದ ವಿದ್ವಾಂಸರಲ್ಲಿ ಹೆಚ್ಚಿನವರು ‘ಯಾಹ್ವೆ’ ಎಂಬುದನ್ನು ಒಪ್ಪುತ್ತ ಬಂದಿದ್ದಾರೆ. ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಕ್ರಿ.ಶ. 200ರ ಸುಮಾರಿಗೆ ‘ಇಯಾಉಎ’ ಎಂದು ಬರೆದಿದ್ದಾನೆ. 5ನೆಯ ಶತಮಾನದ ಥಿಯೊಡೊರೆಟ್, ಸಮಾರ್ಯದವರು ‘ಇಯಾಬೆ’ ಎನ್ನುತ್ತಾರೆಂದು ತಿಳಿಸುತ್ತಾನೆ. ‘ಯಾ’, ‘ಯಾಹು’ ಎಂಬ ಮೊಟಕು ರೂಪಗಳು ನೂರಾರು ಹೀಬ್ರೂ ವ್ಯಕ್ತಿನಾಮಗಳಲ್ಲಿ ಉಳಿದಿವೆ. ಯೆಶಾಯ, ಯೆರೆಮೀಯ ಎಂಬ ಪ್ರವಾದಿಗಳ ಹೆಸರಿನ ಕೊನೆಯಲ್ಲಿರುವುದು ಅದೇ. ಯೋಹಾನ ಎಂಬುದರ ಮೊದಲಲ್ಲಿರುವ ‘ಯೋ’ ಅದರ ಇನ್ನೊಂದು ಸಂಕ್ಷೇಪ. ನಮ್ಮ ಊರಿನ ಜಾನ್, ಜಾನಕ್ಕನವರ ಹೆಸರುಗಳಲ್ಲೂ ಆ ಹೇಳಬಾರದ ಹೆಸರಿನ ಚೂರೊಂದು ಇದೆಯೆಂದಾಯಿತು. ಇವನ್ನೆಲ್ಲ ಕೂಡಿಸಿ ನೋಡಿದರೆ ‘ಯಾಹ್ವೆ’ ಬಲವಾದ ಊಹೆ, ಆದರೂ ಊಹೆಯೇ.

ಯೂರೋಪಿನ ಅನುವಾದಗಳು ಬಹುಮಟ್ಟಿಗೆ ಓದುವ ರೂಢಿಯನ್ನೇ ಹಿಡಿದವು. ಜೆರೋಮನ ಲ್ಯಾಟಿನ್ ಬೈಬಲ್ಲಿನಲ್ಲಿ ‘ದೊಮಿನುಸ್’, ಲೂಥರನ ಜರ್ಮನ್ನಿನಲ್ಲಿ ‘ಹೆರ್’; ಎರಡೂ ಒಡೆಯನೇ. 1535ರ ಒಲಿವೆತಾನನ ಫ್ರೆಂಚ್ ಬೈಬಲ್ ಮಾತ್ರ ‘ನಿತ್ಯನು’ ಎಂಬರ್ಥದ ಪದವನ್ನು ಆರಿಸಿಕೊಂಡಿತು. 1611ರ ಇಂಗ್ಲಿಷಿನ ಕಿಂಗ್ ಜೇಮ್ಸ್ ಬೈಬಲ್ ಒಂದು ಮುದ್ರಣದ ಉಪಾಯವನ್ನು ಗಟ್ಟಿಮಾಡಿತು. ಮೂಲದಲ್ಲಿ ‘ಅದೋನಾಯ್’ ಇದ್ದಲ್ಲಿ ‘ಲಾರ್ಡ್’ ಎಂಬುದನ್ನು ಮಾಮೂಲು ಅಕ್ಷರಗಳಲ್ಲೂ, ನಾಲ್ಕು ಅಕ್ಷರದ ಹೆಸರಿದ್ದಲ್ಲಿ ಅದೇ ‘ಲಾರ್ಡ್’ ಅನ್ನು ಪೂರ್ತಿ ದೊಡ್ಡಕ್ಷರಗಳಲ್ಲೂ ಅಚ್ಚುಹಾಕಿದರು. ಕಣ್ಣಿಗೆ ಭೇದ ತಿಳಿಯುತ್ತದೆ, ಕಿವಿಗೆ ತಿಳಿಯುವುದಿಲ್ಲ. ಒಡೆಯನು ನನ್ನ ಒಡೆಯನಿಗೆ ಹೇಳಿದನೆಂಬ ಅರ್ಥದಲ್ಲಿ ಶುರುವಾಗುವ 110ನೆಯ ಕೀರ್ತನೆಯನ್ನು ಇಂಗ್ಲಿಷ್ ಚರ್ಚಿನಲ್ಲಿ ಗಟ್ಟಿಯಾಗಿ ಓದಿದರೆ, ಯಾರು ಯಾರಿಗೆ ಹೇಳಿದರೆಂದು ಪುಸ್ತಕ ಕೈಯಲ್ಲಿಲ್ಲದವರಿಗೆ ಗೊತ್ತಾಗುವ ಹಾಗಿಲ್ಲ.

ಕೆಲವೆಡೆ ಈ ಉಪಾಯವೂ ಕೈಕೊಟ್ಟಿತು. ವಿಮೋಚನಕಾಂಡದ ಆರನೆಯ ಅಧ್ಯಾಯದಲ್ಲಿ ದೇವರು, ಅಬ್ರಹಾಮ ಮೊದಲಾದ ಪಿತೃಗಳಿಗೆ ನಾನು ಸರ್ವಶಕ್ತನೆಂದು ಕಾಣಿಸಿಕೊಂಡೆ, ಈ ಹೆಸರಿನಿಂದ ಅವರಿಗೆ ಗೊತ್ತಾಗಿರಲಿಲ್ಲ ಎನ್ನುತ್ತಾನೆ. ವಾಕ್ಯ ಇರುವುದೇ ಹೆಸರನ್ನು ಕುರಿತು. ಅಲ್ಲಿ ‘ಒಡೆಯ ಎಂಬ ನನ್ನ ಹೆಸರು’ ಎಂದು ಬರೆದರೆ ಮಾತಿಗೆ ತಲೆಬುಡವಿರುವುದಿಲ್ಲ. ಆದ್ದರಿಂದ ಕಿಂಗ್ ಜೇಮ್ಸ್ ಅನುವಾದಕರು ಇಲ್ಲಿಯೂ, ಒಂದು ಕೀರ್ತನೆಯಲ್ಲೂ, ಯೆಶಾಯನ ಗ್ರಂಥದ ಎರಡು ಕಡೆಯೂ, ಕೆಲವು ಸ್ಥಳನಾಮಗಳಲ್ಲೂ ‘ಜೆಹೋವ’ ಎಂದೇ ಬರೆದರು. ಆರು ಸಾವಿರಕ್ಕೂ ಮೇಲೆ ಕಡೆ ಮುಚ್ಚಿಟ್ಟದ್ದನ್ನು ಬೆರಳೆಣಿಕೆಯಷ್ಟು ಕಡೆ ತೆರೆದು ತೋರಿಸಿದ್ದು ಹೀಗೆ. 1901ರ ಅಮೆರಿಕದ ಪರಿಷ್ಕೃತ ಆವೃತ್ತಿ ಎಲ್ಲ ಕಡೆಯೂ ‘ಜೆಹೋವ’ ಎಂದಿತು. ಅದನ್ನೇ ಮತ್ತೆ ಪರಿಷ್ಕರಿಸಿದ 1952ರ ಆವೃತ್ತಿ ದೊಡ್ಡಕ್ಷರದ ‘ಲಾರ್ಡ್’ಗೆ ಮರಳಿತು.

ಇದೆಲ್ಲ ಪಂಡಿತರ ಕೂದಲು ಸೀಳುವ ಆಟವೆಂದು ತೋರಬಹುದು. ಆದರೆ ಕ್ರೈಸ್ತಧರ್ಮದ ಬುಡದ ಒಂದು ಪ್ರಶ್ನೆ ಈ ಪದದಲ್ಲಿ ಸಿಕ್ಕಿಕೊಂಡಿದೆ. ದೇವರ ಹೆಸರನ್ನು ಕರೆದವರೆಲ್ಲರಿಗೂ ರಕ್ಷಣೆಯುಂಟು ಎಂಬ ಮಾತು ಹಳೆಯ ಒಡಂಬಡಿಕೆಯ ಯೋವೇಲನ ಗ್ರಂಥದಲ್ಲಿದೆ. ಮೂಲದಲ್ಲಿ ಅಲ್ಲಿರುವುದು ನಾಲ್ಕು ಅಕ್ಷರದ ಹೆಸರು. ಪೌಲನು ರೋಮಾಪುರದವರಿಗೆ ಗ್ರೀಕಿನಲ್ಲಿ ಬರೆದ ಪತ್ರಿಕೆಯಲ್ಲಿ ಇದೇ ಮಾತನ್ನು ಎತ್ತಿಕೊಳ್ಳುತ್ತಾನೆ, ಅಲ್ಲಿರುವುದು ‘ಕುರಿಯೋಸ್’. ನಾಲ್ಕು ವಾಕ್ಯ ಹಿಂದೆ ಅದೇ ಪೌಲ ಯೇಸುವನ್ನು ‘ಕುರಿಯೋಸ್’ ಎಂದು ಕರೆದಿದ್ದಾನೆ. ಹಾಗಾದರೆ ಇಲ್ಲಿಯ ಒಡೆಯ ಯಾರು? ಬಹುಪಾಲು ಕ್ರೈಸ್ತರು, ಯೆಹೂದ್ಯರ ದೇವರಿಗೆ ಸಲ್ಲುವ ಮಾತನ್ನು ಪೌಲ ಬೇಕೆಂದೇ ಯೇಸುವಿಗೆ ಅನ್ವಯಿಸಿದ್ದಾನೆ, ಯೇಸುವಿನ ದೈವತ್ವಕ್ಕೆ ಇದು ಸಾಕ್ಷಿ ಎನ್ನುತ್ತಾರೆ. 1931ರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಹೆಸರು ತಳೆದ ಪಂಥದವರು ಇದನ್ನು ಒಪ್ಪುವುದಿಲ್ಲ. 1950ರಲ್ಲಿ ಅವರು ಹೊರತಂದ ಹೊಸ ಒಡಂಬಡಿಕೆಯ ಅನುವಾದದಲ್ಲಿ ಈ ವಾಕ್ಯವೂ ಸೇರಿ 237 ಕಡೆ ‘ಜೆಹೋವ’ ಎಂದು ಬರೆದರು. ಹೆಸರನ್ನು ಮೊದಲು ಅಳಿಸಿದವರು ನಕಲುಗಾರರು, ನಾವು ಮರಳಿ ಇಟ್ಟಿದ್ದೇವೆ ಎಂಬುದು ಅವರ ವಾದ. ಆದರೆ ಹೊಸ ಒಡಂಬಡಿಕೆಯ ಐದು ಸಾವಿರಕ್ಕೂ ಹೆಚ್ಚು ಗ್ರೀಕ್ ಹಸ್ತಪ್ರತಿಗಳಲ್ಲಿ ಒಂದರಲ್ಲೂ ಆ ನಾಲ್ಕು ಅಕ್ಷರಗಳಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಹೆಸರನ್ನು ಒಡೆಯನೆಂಬ ಪದದ ಹಿಂದೆ ಮರೆಸಿದ್ದು ಸರಿಯಲ್ಲವೆಂಬ ಅವರ ದೂರಿನಲ್ಲಿ ಹುರುಳಿದೆ. ಹೊಸದರಲ್ಲಿ ಯಾವ ಪ್ರತಿಯಲ್ಲೂ ಇಲ್ಲದ್ದನ್ನು ಸೇರಿಸಲು ಆ ದೂರು ಪರವಾನಗಿಯಾಗಲಾರದು. ಪೌಲನ ವಾಕ್ಯದ ಸಂದಿಗ್ಧತೆ ಪೌಲನದೇ. ಅದನ್ನು ಬಿಡಿಸಿಕೊಡುವ ಅನುವಾದಕ ಓದುಗನ ಕೆಲಸವನ್ನು ತಾನೇ ಮಾಡಿದಂತಾಯಿತು.

ಕನ್ನಡಕ್ಕೆ ಬರೋಣ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ಲಿನ ಅನುವಾದಕ್ಕೆ ಕೈಹಾಕಿದ. ಮುಂದೆ ಕನ್ನಡ ನಿಘಂಟು ರಚಿಸಿದ ವಿಲಿಯಂ ರೀವ್ ಅವನ ಜೊತೆಗಿದ್ದ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ದೊರೆಯುವಂತಾಯಿತು. ಅದೇ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರೂ ಕೈಜೋಡಿಸಿ ಅದನ್ನು ತಿದ್ದಿದರು. ಹೀಗೆ ತಿದ್ದುತ್ತ ಬಂದ ಹಳೆಯ ‘ಸತ್ಯವೇದ’ದಲ್ಲಿ ನಾಲ್ಕು ಅಕ್ಷರದ ಹೆಸರಿದ್ದಲ್ಲೆಲ್ಲ ‘ಯೆಹೋವ’ ಎಂದೇ ಇದೆ. ಇಂಗ್ಲಿಷಿನವರ ಉಪಾಯ ಇಲ್ಲಿ ನಡೆಯುವಂತೆಯೇ ಇರಲಿಲ್ಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಒಡೆಯ ಎಂದರೆ ಒಡೆಯ. ಅದನ್ನು ಹೇಗೆ ಬರೆದರೂ ಹೆಸರೆಂದು ತೋರದು. ಆದ್ದರಿಂದ ಹೆಸರನ್ನೇ ಬರೆಯಬೇಕು, ಇಲ್ಲವೆ ಬೇರೆಯೇ ಪದವನ್ನು ಹುಡುಕಬೇಕು. ತೆಲುಗು, ಮಲಯಾಳಗಳವರೂ ಹೆಸರನ್ನೇ ಬರೆದರು. ತಮಿಳಿನವರು ‘ಕರ್ತರ್’ ಎಂದರು, ಮರಾಠಿಯವರು ‘ಪರಮೇಶ್ವರ’ ಎಂದರು. 110ನೆಯ ಕೀರ್ತನೆಯಲ್ಲಿ ಇಂಗ್ಲಿಷ್ ಓದುಗನಿಗೆ ಕಿವಿಯಲ್ಲಿ ಕಳೆದುಹೋಗುವ ಭೇದ ಕನ್ನಡದಲ್ಲಿ ಸ್ಫುಟವಾಗಿ ಕೇಳುತ್ತದೆ: ಒಬ್ಬ ಯೆಹೋವ, ಇನ್ನೊಬ್ಬ ಒಡೆಯ.

ಇದಕ್ಕೆ ತೆತ್ತ ಬೆಲೆಯೂ ಉಂಟು. ಹೊಸ ಒಡಂಬಡಿಕೆಯ ‘ಕುರಿಯೋಸ್’ಗೆ ಹಳೆಯ ಕನ್ನಡ ಬೈಬಲ್ ‘ಕರ್ತ’ ಎಂಬ ಪದವನ್ನು ಬಳಸಿದೆ. ಹಿಂದೆ ಆಳುವ ಒಡೆಯನನ್ನೂ ಹೀಗೆ ಕರೆಯುತ್ತಿದ್ದುದರಿಂದ ಆ ಕಾಲಕ್ಕೆ ಅದು ಒಳ್ಳೆಯ ಆಯ್ಕೆ. ಇಂದಿನ ಓದುಗನಿಗೆ ಅದು ವ್ಯಾಕರಣದ ಕರ್ತೃವನ್ನೋ ಗ್ರಂಥಕರ್ತನನ್ನೋ ನೆನಪಿಸೀತು. ಯೋವೇಲನಲ್ಲಿ ಯೆಹೋವನ ನಾಮ, ರೋಮಾಪುರದ ಪತ್ರಿಕೆಯಲ್ಲಿ ಕರ್ತನ ನಾಮ. ಎರಡೂ ಒಂದೇ ಮಾತೆಂದು, ಪೌಲ ಉದ್ಧರಿಸುತ್ತಿದ್ದಾನೆಂದು ಕನ್ನಡ ಓದುಗನಿಗೆ ಯಾರಾದರೂ ಹೇಳಿಕೊಡಬೇಕು. ಎರಡೂ ಕಡೆ ಮೂಲನಿಷ್ಠವಾಗಿರುವ ಅನುವಾದದಲ್ಲಿ ಎರಡರ ನಡುವಣ ಕೊಂಡಿ ಕಳಚಿದೆ.

ಒಂದು ವಿಷಯದಲ್ಲಿ ಮಾತ್ರ ಕನ್ನಡಕ್ಕೆ ಅನಾಯಾಸವಾಗಿ ಲಾಭವಾಯಿತು. ಹೀಬ್ರೂವಿನ ‘ಎಲೋಹೀಮ್’ ರೂಪದಲ್ಲಿ ಬಹುವಚನ; ಆದರೆ ಇಸ್ರಾಯೇಲರ ದೇವರನ್ನು ಹೇಳುವಾಗ ಅದಕ್ಕೆ ಏಕವಚನದ ಕ್ರಿಯಾಪದ ಬರುತ್ತದೆ. ಇದನ್ನು ಯೂರೋಪಿನ ಭಾಷೆಗಳಲ್ಲಿ ತೋರಿಸುವ ಬಗೆಯೇ ಇಲ್ಲ. ನಾವೋ ದಿನಬೆಳಗಾದರೆ ‘ದೇವರು ದೊಡ್ಡವನು’ ಎನ್ನುತ್ತೇವೆ. ‘ದೇವರು’ ಬಹುವಚನ, ‘ದೊಡ್ಡವನು’ ಏಕವಚನ, ಯಾರಿಗೂ ತಪ್ಪೆನಿಸುವುದಿಲ್ಲ. ಹಳೆಯ ಬೈಬಲ್ಲಿನ ಮೊದಲ ವಾಕ್ಯದಲ್ಲೇ ದೇವರು ಎಂಬ ಕರ್ತೃಪದಕ್ಕೆ ‘ಉಂಟುಮಾಡಿದನು’ ಎಂಬ ಕ್ರಿಯಾಪದವಿದೆ. ಅನುವಾದಕರು ಹೀಬ್ರೂವನ್ನು ಅನುಸರಿಸಿದರೋ ಜನರ ಮಾತನ್ನು ಅನುಸರಿಸಿದರೋ, ಎರಡೂ ಒಂದೇ ದಾರಿಯಾಗಿತ್ತು.

ಬೈಬಲ್ ಸೊಸೈಟಿ ಆಮೇಲೆ ಹೊರತಂದ ಸರಳಗನ್ನಡದ ಅನುವಾದ ಈ ಎರಡೂ ವಿಷಯಗಳಲ್ಲಿ ಬೇರೆ ದಾರಿ ತುಳಿಯಿತು. ಅಲ್ಲಿ ದೇವರಿಗೆ ಗೌರವದ ಬಹುವಚನ. ಯೆಹೋವನ ಸ್ಥಾನದಲ್ಲಿ ‘ಸರ್ವೇಶ್ವರ’. ಈ ಪದ ಹೊಸದಲ್ಲ. 17ನೆಯ ಶತಮಾನದಲ್ಲಿ ಮಧುರೆಯಲ್ಲಿದ್ದ ಜೆಸುಯಿಟ್ ಪಾದ್ರಿ ರಾಬರ್ಟ್ ಡಿ ನೊಬಿಲಿಯ ಕಾಲದಿಂದ ದಕ್ಷಿಣದ ಕಥೋಲಿಕರಲ್ಲಿ ಬಳಕೆಯಲ್ಲಿದ್ದ ಮಾತು. ಕಿವಿಗೆ ಹಿತ, ಅರ್ಥ ಸ್ಪಷ್ಟ, ನಮ್ಮ ನೆಲದ್ದು. ಪರದೇಶದ ದೇವರೆಂಬ ಭಾವನೆ ಬಾರದಂತೆ ಮಾಡುವುದರಲ್ಲಿ ಅದು ಗೆದ್ದಿದೆ. ಆದರೆ ಸರ್ವೇಶ್ವರ ಎಲ್ಲರಿಗೂ ಈಶ್ವರ. ಈಜಿಪ್ಟಿನಲ್ಲಿ ಇಟ್ಟಿಗೆ ಮಾಡುತ್ತಿದ್ದ ದಾಸರ ಕೂಗು ಕೇಳಿ, ಅವರಿಗೆ ಮಾತ್ರ ತನ್ನ ಹೆಸರು ತಿಳಿಸಿ ಕರೆದುಕೊಂಡು ಹೋದ ದೇವರ ಕತೆಯಲ್ಲಿ ಆ ಹೆಸರಿನ ಜಾಗಕ್ಕೆ ಎಲ್ಲರ ಒಡೆಯನೆಂಬ ಬಿರುದು ಕೂತರೆ, ಕತೆಯ ಬಿಸಿ ಸ್ವಲ್ಪ ಆರುತ್ತದೆ ಎಂದೇ ನನ್ನ ಎಣಿಕೆ.

ವಚನಗಳನ್ನು ಓದಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಇವೆಲ್ಲ ಒಬ್ಬನೇ ಶಿವನ ಹೆಸರುಗಳೆಂದು ಎಲ್ಲ ಕಡೆ ‘ಶಿವ’ ಎಂದು ಬರೆದರೆ ಅರ್ಥ ಕೆಡುವುದಿಲ್ಲ. ಬಸವಣ್ಣ, ಅಲ್ಲಮ, ಅಕ್ಕ ಮೂವರ ದನಿಯೂ ಒಂದೇ ಆಗುತ್ತದೆ. ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದಾಗ ಅಂಕಿತಗಳನ್ನು ಅರ್ಥ ಒಡೆದು ಅನುವಾದಿಸಿದರು. ಕೂಡಲಸಂಗಮದೇವ ನದಿಗಳು ಕೂಡುವೆಡೆಯ ಒಡೆಯನಾದ. ಇಂಗ್ಲಿಷ್ ಓದುಗನಿಗೆ ಹೆಸರಿನೊಳಗಿನ ಚಿತ್ರ ಕಂಡಿತು; ಆದರೆ ಕೃಷ್ಣಾ ಮಲಪ್ರಭೆಗಳ ಸಂಗಮದ ಒಂದು ಊರು, ಆ ಊರಿನ ಒಂದು ಗುಡಿ, ಗುಡಿಯೊಳಗಿನ ಆ ದೇವರು ಅವನಿಗೆ ಸಿಗಲಿಲ್ಲ. ಹೆಸರನ್ನು ಹಾಗೇ ಬಿಟ್ಟಿದ್ದರೆ ಊರು ಉಳಿದು ಚಿತ್ರ ಹೋಗುತ್ತಿತ್ತು. ಬಳ್ಳಾರಿಯ ಪಾದ್ರಿಗಳಿಗೂ ಸರಳಗನ್ನಡದ ಅನುವಾದಕರಿಗೂ ನಡುವೆ ಇರುವ ಅಂತರ ಇಂಥದೇ. ‘ಯೆಹೋವ’ ಎಂಬ ರೂಪ ಚರಿತ್ರೆಯ ಲೆಕ್ಕದಲ್ಲಿ ‘ಮೊಹೆನ’ನಂಥದು, ನಿಜ. ಆದರೂ ಇಲ್ಲೊಂದು ಹೆಸರಿದೆ ಎಂಬುದನ್ನಾದರೂ ಅದು ಮುಚ್ಚಿಡುವುದಿಲ್ಲ. ಎರಡು ಶತಮಾನ ಕನ್ನಡದ ಬಾಯಲ್ಲಿ ಪ್ರಾರ್ಥನೆಯಾಗಿ ಸವೆದು ನುಣುಪಾಗಿದೆ. ಇಂದು ಅದನ್ನು ‘ಯಾಹ್ವೆ’ ಎಂದು ತಿದ್ದಹೊರಟರೆ ಪಂಡಿತರು ಮೆಚ್ಚಿಯಾರು, ಭಜನೆ ಹಾಡುವವರು ಒಪ್ಪಲಾರರು.

ಹೊರಗಿನ ಜಗತ್ತಿನಲ್ಲೂ ಲೋಲಕ ಅತ್ತಿತ್ತ ಆಡುತ್ತಲೇ ಇದೆ. 1966ರಲ್ಲಿ ಬಂದ ಕಥೋಲಿಕರ ಜೆರೂಸಲೇಂ ಬೈಬಲ್ ಇಂಗ್ಲಿಷಿನಲ್ಲಿ ಧೈರ್ಯವಾಗಿ ‘ಯಾಹ್ವೆ’ ಎಂದು ಅಚ್ಚುಹಾಕಿತು. 2008ರಲ್ಲಿ ವ್ಯಾಟಿಕನ್ ಸುತ್ತೋಲೆ ಹೊರಡಿಸಿ, ಆರಾಧನೆಯಲ್ಲೂ ಹಾಡುಗಳಲ್ಲೂ ಆ ಹೆಸರನ್ನು ಉಚ್ಚರಿಸಬಾರದು, ಒಡೆಯನೆಂದೇ ಹೇಳಬೇಕು ಎಂದಿತು. 2019ರಲ್ಲಿ ಹೊರಬಂದ ಅದೇ ಬೈಬಲ್ಲಿನ ಪರಿಷ್ಕರಣ ದೊಡ್ಡಕ್ಷರದ ‘ಲಾರ್ಡ್’ಗೆ ಹಿಂದಿರುಗಿತು. ಎರಡೇ ವರ್ಷದ ಮೇಲೆ, 2021ರಲ್ಲಿ, ಅಮೆರಿಕದ ಪ್ರಾಟೆಸ್ಟೆಂಟರ ಒಂದು ಹೊಸ ಆವೃತ್ತಿ ಎಲ್ಲ ಕಡೆಯೂ ‘ಯಾಹ್ವೆ’ ಎಂದು ಬರೆದು ಬಂತು.

ಹೊಸ ಒಡಂಬಡಿಕೆಯಲ್ಲಿ ಆ ಹೆಸರು ಎಲ್ಲೂ ಇಲ್ಲವೆಂದು ಮೇಲೆ ಹೇಳಿದ್ದಕ್ಕೆ ಒಂದು ಸಣ್ಣ ಸೇರ್ಪಡೆ ಬೇಕು. ಕೊನೆಯ ಪುಸ್ತಕವಾದ ಪ್ರಕಟನೆಯ 19ನೆಯ ಅಧ್ಯಾಯದಲ್ಲಿ ನಾಲ್ಕು ಸಲ ‘ಹಲ್ಲೆಲೂಯ’ ಎಂಬ ಉದ್ಗಾರ ಬರುತ್ತದೆ. ‘ಹಲ್ಲೆಲೂ’ ಎಂದರೆ ಸ್ತುತಿಸಿರಿ. ಉಳಿದ ‘ಯ’ ಆ ಹೆಸರಿನ ಮೊಟಕು ರೂಪ. ಗ್ರೀಕರು ಅದನ್ನು ಅನುವಾದಿಸದೆ ಹಾಗೇ ಬಿಟ್ಟರು, ಲ್ಯಾಟಿನರು ಬಿಟ್ಟರು, ಬಳ್ಳಾರಿಯಲ್ಲೂ ಬಿಟ್ಟರು. ಹೆಸರನ್ನು ಎತ್ತಬಾರದೆನ್ನುವ ಚರ್ಚಿನಲ್ಲೂ, ಎತ್ತಲೇಬೇಕೆನ್ನುವ ಸಭೆಯಲ್ಲೂ ಭಾನುವಾರ ಬೆಳಿಗ್ಗೆ ಅದನ್ನು ಗಟ್ಟಿಯಾಗಿ ಹಾಡುತ್ತಾರೆ.